ಹಾಡುಗಾರನಲ್ಲ, ಸಾಕ್ಷಿ: ಅಡಿಗರು ಕಂಡ ಕಾವ್ಯ ಮತ್ತು ಸಮಾಜ

ಐವತ್ತೊಂದನೆಯ ಕನ್ನಡ ಸಾಹಿತ್ಯ ಸಮ್ಮೇಳನ 1979ರಲ್ಲಿ ಧರ್ಮಸ್ಥಳದಲ್ಲಿ ಸೇರಿತು. ಅದರ ಅಧ್ಯಕ್ಷ ಪೀಠದಲ್ಲಿ ಕುಳಿತವರು ಎಂ. ಗೋಪಾಲಕೃಷ್ಣ ಅಡಿಗರು. ಕಾಲು ಶತಮಾನದ ಹಿಂದೆ ಕನ್ನಡ ಕಾವ್ಯದ ನಡಿಗೆಯನ್ನೇ ಬದಲಿಸಿ, ಹಲವು ಹಿರಿಯರ ಅಸಮಾಧಾನಕ್ಕೆ ಗುರಿಯಾಗಿದ್ದ ಕವಿಗೆ ಆಗ ಅರವತ್ತೊಂದು ವರ್ಷ. ಎದುರು ನಿಂತು ಬಂದವರು ಈಗ ಹಿರಿಯರ ಸ್ಥಾನದಲ್ಲಿದ್ದರು.

ಆ ಸಮ್ಮೇಳನದ ಸುತ್ತ ಒಂದು ವಿವಾದ ಎದ್ದಿತ್ತು. ದಲಿತ ಸಾಹಿತ್ಯದ ಕುರಿತು ಪ್ರತ್ಯೇಕ ಗೋಷ್ಠಿಯೊಂದನ್ನು ಇಡಬೇಕೆಂಬ ಬೇಡಿಕೆಯನ್ನು ಸಾಹಿತ್ಯ ಪರಿಷತ್ತು ಒಪ್ಪಿರಲಿಲ್ಲ. ಸಾಹಿತ್ಯದಲ್ಲಿ ಅಂತಹ ವಿಂಗಡಣೆ ಸಲ್ಲದು ಎಂಬುದು ಪರಿಷತ್ತಿನ ನಿಲುವು. ಇದನ್ನು ಪ್ರತಿಭಟಿಸಿದ ಲೇಖಕರು ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಮಾವೇಶವನ್ನು ನಡೆಸಿದರು. ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡದ್ದು ಹೀಗೆ. ಕಾವ್ಯ ಖಡ್ಗವಾಗಬೇಕು, ನೊಂದವರ ಜೊತೆಗಾರನೂ ಆಗಬೇಕು ಎಂಬುದು ಅದರ ಘೋಷವಾಯಿತು.

ಗೋಷ್ಠಿಯನ್ನು ನಿರಾಕರಿಸಿದ ತೀರ್ಮಾನ ಪರಿಷತ್ತಿನದೇ ಹೊರತು ಅಡಿಗರದಲ್ಲ. ಆದರೂ ಆ ವರ್ಷ ಕನ್ನಡದಲ್ಲಿ ಎರಡು ಕಾವ್ಯವಿಚಾರಗಳು ಎದುರುಬದುರಾಗಿ ನಿಂತವು. ಕವಿ ತನ್ನ ಅನುಭವಕ್ಕೆ ಮಾತ್ರ ಉತ್ತರ ಹೇಳಬೇಕಾದವನು, ಸಮಾಜಕ್ಕೆ ಅವನು ಸಲ್ಲುವುದು ಆ ದಾರಿಯಿಂದಲೇ ಎಂಬುದು ಒಂದು. ಸಮಾಜದಲ್ಲಿ ತುಳಿತಕ್ಕೊಳಗಾದವರಿಗೆ ಕವಿ ಮೊದಲು ಉತ್ತರ ಹೇಳಬೇಕು ಎಂಬುದು ಇನ್ನೊಂದು. ಮೊದಲನೆಯ ವಿಚಾರವನ್ನು ಕನ್ನಡದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವರು ಅಡಿಗರು. ಆದರೆ ಅವರು ಸಮಾಜದಿಂದ ದೂರ ಸರಿದು ಕುಳಿತ ಕವಿಯೇನೂ ಆಗಿರಲಿಲ್ಲ. ಪ್ರಧಾನಿಯನ್ನು ಕವಿತೆಯಲ್ಲಿ ಟೀಕಿಸಿದವರು, ಚುನಾವಣೆಗೆ ನಿಂತು ಸೋತವರು, ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಬರೆದವರು ಅವರು. ಹಾಗಿದ್ದಮೇಲೆ ಅಡಿಗರು ಕಲೆ ಮತ್ತು ಸಮಾಜದ ಸಂಬಂಧವನ್ನು ಹೇಗೆ ಕಂಡಿದ್ದರು ಎಂಬ ಪ್ರಶ್ನೆಗೆ ಮೇಲುನೋಟದ ಉತ್ತರ ಸಾಲದು.

ಎರವಲು ಮಾತಿನ ಬೇಸರ

ಅಡಿಗರು ಹುಟ್ಟಿದ್ದು 1918ರ ಫೆಬ್ರುವರಿ 18ರಂದು, ಕರಾವಳಿಯ ಬೈಂದೂರು ಸಮೀಪದ ಮೊಗೇರಿಯಲ್ಲಿ. ಆಗ ಆ ಸೀಮೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ವೈದಿಕ ಮನೆತನ, ಸಂಸ್ಕೃತದ ವಾತಾವರಣ, ಸುತ್ತಲೂ ಯಕ್ಷಗಾನ ಮತ್ತು ಭೂತಾರಾಧನೆಯ ಲೋಕ. ಕುಂದಾಪುರದಲ್ಲಿ ಪ್ರೌಢಶಾಲೆ ಮುಗಿಸಿ ಮೈಸೂರಿಗೆ ಬಂದು ಓದಿದರು. ಮುಂದೆ ಅದೇ ಮೈಸೂರಿನ ಸೇಂಟ್ ಫಿಲೋಮಿನಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು.

ಅವರು ಬರೆಯಲು ತೊಡಗಿದಾಗ ಕನ್ನಡದಲ್ಲಿ ನವೋದಯ ಕಾವ್ಯದ ಬೆಳೆ ಸೊಂಪಾಗಿತ್ತು. ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ತೆರೆದ ದಾರಿಯಲ್ಲಿ ಬೇಂದ್ರೆ, ಕುವೆಂಪು, ಪು.ತಿ.ನ. ದೊಡ್ಡ ಕಾವ್ಯವನ್ನು ಕಟ್ಟಿದ್ದರು. ಪ್ರಕೃತಿಯಲ್ಲಿ ದೈವವನ್ನು ಕಾಣುವುದು, ಪ್ರೇಮ, ನಾಡು-ನುಡಿಗಳ ಉತ್ಸಾಹ, ಹಾಡಿಕೊಳ್ಳಲು ಬರುವ ಲಯ ಇವು ಆ ಕಾವ್ಯದ ಲಕ್ಷಣಗಳು. 1940ರ ದಶಕದಲ್ಲಿ ಅ.ನ. ಕೃಷ್ಣರಾಯರ ಮುಂದಾಳುತನದಲ್ಲಿ ಪ್ರಗತಿಶೀಲ ಚಳವಳಿಯೂ ಬಂತು. ಸಾಹಿತ್ಯ ಬಡವರ, ಶೋಷಿತರ ಪರವಾಗಿರಬೇಕೆಂದು ಅದು ಸಾರಿತು.

ಅಡಿಗರು ಈ ಎರಡು ದಾರಿಗಳಲ್ಲಿಯೂ ನಡೆದು ನೋಡಿದವರು. 1946ರಲ್ಲಿ ಬಂದ ಮೊದಲ ಸಂಕಲನ 'ಭಾವತರಂಗ'ಕ್ಕೆ ಬೇಂದ್ರೆಯವರೇ ಮುನ್ನುಡಿ ಬರೆದರು. ನಂತರ ಬಂದ 'ಕಟ್ಟುವೆವು ನಾವು' ಸಂಕಲನದ ಹೆಸರಿನಲ್ಲಿಯೇ ಹೊಸ ನಾಡನ್ನು ಕಟ್ಟುವ ತರುಣರ ಉಮೇದು ಕೇಳುತ್ತದೆ. ಆದರೆ ಮೊದಲ ಸಂಕಲನದಲ್ಲಿಯೇ ಒಂದು ಅತೃಪ್ತಿ ಕಾಣಿಸಿಕೊಂಡಿತ್ತು. ಬೇರೆಯವರು ಹೇಳಿ ಬಿಟ್ಟದ್ದನ್ನು ತಾನೂ ಹೇಳುತ್ತ ಕೂರುವುದರ ಬೇಸರ, ತನ್ನದೇ ನುಡಿ ಬೇಕೆಂಬ ತವಕ ಅಲ್ಲಿನ ಒಂದು ಕವಿತೆಯ ವಸ್ತು. ಅಡಿಗರ ಕಾವ್ಯವಿಚಾರದ ಬೀಜ ಇದು. ಎರವಲು ತಂದ ಮಾತಿನಲ್ಲಿ ಎರವಲು ಭಾವನೆ ಮಾತ್ರ ಬರುತ್ತದೆ, ಅದು ಎಷ್ಟೇ ಉದಾತ್ತವಾಗಿದ್ದರೂ ಓದುಗನನ್ನು ಮುಟ್ಟುವುದಿಲ್ಲ ಎಂಬ ತಿಳಿವಳಿಕೆ ಮುಂದೆ ಅವರಲ್ಲಿ ಬಲಿಯುತ್ತ ಹೋಯಿತು.

1952ರ 'ನಡೆದು ಬಂದ ದಾರಿ' ಹಿಂದಿರುಗಿ ನೋಡುವ ಪುಸ್ತಕ. 1954ರ 'ಚಂಡೆಮದ್ದಳೆ' ಹೊಸ ದಾರಿಯ ಪುಸ್ತಕ. 1950ರ ಸುಮಾರಿಗೆ ವಿ.ಕೃ. ಗೋಕಾಕರು ಹೊಸ ಕಾವ್ಯಕ್ಕೆ 'ನವ್ಯ' ಎಂಬ ಹೆಸರನ್ನು ಬಳಕೆಗೆ ತಂದಿದ್ದರು. ಆ ಹೆಸರಿಗೆ ತಕ್ಕ ಮೈ ಬಂದದ್ದು 'ಚಂಡೆಮದ್ದಳೆ'ಯಿಂದ.

ಕೊಳಲು ಬಿಟ್ಟು ಚಂಡೆ

ಸಂಕಲನಕ್ಕೆ ಇಟ್ಟ ಹೆಸರು ಅರ್ಥಪೂರ್ಣ. ಚಂಡೆ, ಮದ್ದಳೆ ಯಕ್ಷಗಾನದ ವಾದ್ಯಗಳು. ನವೋದಯದ ಕವಿಗೆ ಪ್ರಿಯವಾದದ್ದು ಕೊಳಲು, ವೀಣೆ. ಕೊಳಲಿನ ದನಿ ಒಳಗೆ ಕರೆಯುತ್ತದೆ. ಚಂಡೆಯ ಪೆಟ್ಟು ನಿದ್ದೆಗೆಡಿಸುತ್ತದೆ, ಊರಾಚೆಗೂ ಕೇಳಿಸುತ್ತದೆ. ಕರಾವಳಿಯ ಬಯಲಾಟದ ಈ ವಾದ್ಯಗಳನ್ನು ಪುಸ್ತಕದ ಹೆಸರಾಗಿ ಆರಿಸಿಕೊಂಡ ಕವಿ ಕಾವ್ಯದ ಕೆಲಸ ಮುದಗೊಳಿಸುವುದಷ್ಟೇ ಅಲ್ಲವೆಂದು ಸೂಚಿಸಿದಂತಾಯಿತು. ಹೂವು, ಕೋಗಿಲೆ, ಬೆಳದಿಂಗಳುಗಳಲ್ಲಿಯೇ ಸುತ್ತುವ ಕವಿಯನ್ನು ಅವರು 'ಪುಷ್ಪಕವಿಯ ಪರಾಕು' ಎಂಬ ಕವಿತೆಯಲ್ಲಿ ನೇರವಾಗಿ ಗೇಲಿ ಮಾಡಿದರು.

ಈ ಬದಲಾವಣೆಯನ್ನು ಕೆಲವರು ಇಂಗ್ಲಿಷಿನ ಅನುಕರಣೆ ಎಂದು ತಳ್ಳಿಹಾಕಿದರು. ಟಿ.ಎಸ್. ಎಲಿಯಟ್ 1922ರಲ್ಲಿ ಪ್ರಕಟಿಸಿದ 'ದಿ ವೇಸ್ಟ್ ಲ್ಯಾಂಡ್' ಕಾವ್ಯದ ಪ್ರಭಾವ ಅಡಿಗರ ಮೇಲೆ ಇದ್ದದ್ದು ನಿಜ. ಮೊದಲ ಮಹಾಯುದ್ಧದ ನಂತರದ ಯುರೋಪಿನ ಬರಡುತನವನ್ನು ಎಲಿಯಟ್ ಚಿತ್ರಿಸಿದ ರೀತಿ ಅವರಿಗೆ ಒಂದು ಮಾದರಿಯಾಯಿತು. ಆದರೆ ಅಡಿಗರ ಮುಂದಿದ್ದ ಬರಡುತನ ಬೇರೆ. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಹೋರಾಟದ ಕಾಲದ ದೊಡ್ಡ ಮಾತುಗಳು ಅಧಿಕಾರದ ಕಾಲದಲ್ಲಿಯೂ ಹಾಗೆಯೇ ಚಲಾವಣೆಯಲ್ಲಿದ್ದವು. ಅವುಗಳ ಹಿಂದಿನ ನಿಷ್ಠೆ ಮಾತ್ರ ಸವೆಯುತ್ತಿತ್ತು. ಭಾಷಣ, ಘೋಷಣೆ, ಪರಾಕುಗಳ ಈ ಗದ್ದಲವೇ ಅವರ 'ಗೊಂದಲಪುರ'ದಂತಹ ಕವಿತೆಗಳ ಹಿನ್ನೆಲೆ.

ಇಲ್ಲಿ ಅಡಿಗರ ಒಂದು ಮುಖ್ಯ ನಂಬಿಕೆಯನ್ನು ಗಮನಿಸಬೇಕು. ಸಮಾಜ ಕೆಡುವಾಗ ಮೊದಲು ಕೆಡುವುದು ಅದರ ಮಾತು. ತ್ಯಾಗ, ಸೇವೆ, ಜನತೆ, ಪ್ರಗತಿ ಮುಂತಾದ ಪದಗಳು ಎಲ್ಲರ ಬಾಯಲ್ಲಿಯೂ ಒಂದೇ ಸಮನೆ ಉರುಳುತ್ತ ಅರ್ಥ ಕಳೆದುಕೊಳ್ಳುತ್ತವೆ. ಅಂತಹ ಪದಗಳನ್ನೇ ಪ್ರಾಸಕ್ಕೆ ಹೊಂದಿಸಿ ಹಾಡುವ ಕವಿ, ಅವನ ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ, ಆ ಕೇಡಿಗೆ ಕೈಜೋಡಿಸಿದಂತೆ. ಹೀಗಾಗಿ ಕವಿಯ ಮೊದಲ ಸಾಮಾಜಿಕ ಕರ್ತವ್ಯ ಮಾತನ್ನು ಶುದ್ಧಮಾಡುವುದು. ಛಂದಸ್ಸು, ಪದಬಳಕೆ, ಪ್ರತಿಮೆ ಇವೆಲ್ಲ ಕುಶಲಕಲೆಯ ಪ್ರಶ್ನೆಗಳಂತೆ ತೋರಿದರೂ ಅಡಿಗರಿಗೆ ಅವು ನೀತಿಯ ಪ್ರಶ್ನೆಗಳೂ ಆಗಿದ್ದವು.

ಅವರು ಮಾಡಿದ್ದೇನು? ಕನ್ನಡದ ಮಾತ್ರಾಲಯವನ್ನು ಪೂರ್ತಿ ಬಿಡಲಿಲ್ಲ. ಅದನ್ನು ಒಳಗಿನಿಂದ ಮುರಿದರು. ಸಾಲುಗಳು ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಅರ್ಥ ಸಾಲಿನ ಕೊನೆಗೆ ನಿಲ್ಲದೆ ಮುಂದಿನ ಸಾಲಿಗೆ ಹರಿಯುತ್ತದೆ. ಮಾತನಾಡುವಾಗಿನ ಏರಿಳಿತ, ತಡವರಿಕೆ, ಸಿಟ್ಟು, ಚುಚ್ಚುನುಡಿ ಲಯದೊಳಕ್ಕೆ ಬಂದವು. ಮಂತ್ರದ ಸಂಸ್ಕೃತ ಪದದ ಪಕ್ಕದಲ್ಲಿಯೇ ಅಡುಗೆಮನೆಯ, ಬೀದಿಯ ಪದ ಕುಳಿತುಕೊಂಡಿತು. ಭಾವವನ್ನು ಹೆಸರಿಸಿ ಹೇಳುವುದಕ್ಕಿಂತ ಅದನ್ನು ಹುಟ್ಟಿಸುವ ಚಿತ್ರವನ್ನು ಮುಂದಿಡುವುದು ಅವರ ಕ್ರಮ. ದುಃಖವೆಂದು ಬರೆದ ಮಾತ್ರಕ್ಕೆ ಓದುಗನಿಗೆ ದುಃಖವಾಗುವುದಿಲ್ಲ ಎಂಬುದು ನಮ್ಮ ಹಳೆಯ ಅಲಂಕಾರಿಕರಿಗೂ ತಿಳಿದಿದ್ದ ಸಂಗತಿ. ಧ್ವನಿ ಸಿದ್ಧಾಂತ ಹೇಳುವುದೂ ಬಹುಮಟ್ಟಿಗೆ ಇದನ್ನೇ. ಹೀಗೆ ನೋಡಿದರೆ ಪಶ್ಚಿಮದಿಂದ ಬಂತೆನ್ನಲಾದ ನವ್ಯದ ಈ ತತ್ತ್ವಕ್ಕೆ ಇಲ್ಲಿಯೂ ಬೇರುಗಳಿದ್ದವು.

ಇದರಿಂದ ಕಾವ್ಯ ಕಷ್ಟವಾಯಿತು. ಸಾಮಾನ್ಯ ಓದುಗನಿಗೆ ಇದು ದಕ್ಕುವುದಿಲ್ಲ ಎಂಬ ಆಕ್ಷೇಪ ಅಂದಿನಿಂದಲೂ ಇದೆ, ಅದರಲ್ಲಿ ಹುರುಳೂ ಇದೆ. ಒಂದು ವಿಪರ್ಯಾಸವನ್ನು ಇಲ್ಲಿ ಹೇಳಬೇಕು. ಹಾಡಿನ ದಾರಿಯನ್ನು ಬಿಟ್ಟುಬಂದ ಈ ಕವಿಯನ್ನು ಇಂದಿಗೂ ಹೆಚ್ಚು ಜನ ಬಲ್ಲದ್ದು 'ಮೋಹನ ಮುರಳಿ'ಯಂತಹ ಆರಂಭದ ಹಾಡುಗಳಿಂದಲೇ. ಸುಗಮ ಸಂಗೀತದ ಗಾಯಕರು ಅದನ್ನು ಮನೆಮನೆಗೆ ಮುಟ್ಟಿಸಿದರು. 'ಅಮೆರಿಕ ಅಮೆರಿಕ' ಚಲನಚಿತ್ರದ ಮೂಲಕ ಅದು ಇನ್ನೊಂದು ತಲೆಮಾರನ್ನೂ ತಲುಪಿತು.

ಪರಂಪರೆ ಎಂಬ ಭೂತ

ನವ್ಯರು ಪರಂಪರೆಯ ವಿರೋಧಿಗಳು ಎಂಬ ಮಾತು ಅಡಿಗರಿಗೆ ಅನ್ವಯಿಸುವುದಿಲ್ಲ. ಪರಂಪರೆಯನ್ನು ಪೂಜಿಸುವವರ ಬಗೆಗೂ ಅದನ್ನು ಬಿಸಾಡುವವರ ಬಗೆಗೂ ಅವರಿಗೆ ಸಮಾಧಾನವಿರಲಿಲ್ಲ. ಎಲಿಯಟ್ 1919ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಪರಂಪರೆ ತಾನಾಗಿ ಕೈಗೆ ಬರುವ ಪಿತ್ರಾರ್ಜಿತವಲ್ಲ, ದುಡಿದು ಪಡೆಯಬೇಕಾದದ್ದು ಎಂಬ ಅರ್ಥದ ವಾದವನ್ನು ಮಂಡಿಸಿದ್ದ. ಅಡಿಗರು ಅದನ್ನು ತಮ್ಮ ನೆಲದ ಚಿತ್ರಗಳಲ್ಲಿ ಮತ್ತೆ ಕಂಡುಕೊಂಡರು.

ಅವರ 'ಭೂತ' ಎಂಬ ಕವಿತೆ ಇದಕ್ಕೆ ಒಳ್ಳೆಯ ನಿದರ್ಶನ. ಕನ್ನಡದಲ್ಲಿ ಭೂತ ಎಂದರೆ ಗತಕಾಲ, ದೆವ್ವವೂ ಹೌದು, ಅವರ ಊರಿನ ಕಡೆಯಲ್ಲಿ ಕೋಲ ಕಟ್ಟಿ ಆರಾಧಿಸುವ ದೈವವೂ ಹೌದು. ಹೂತುಹಾಕಿದ ಗತಕಾಲ ಸುಮ್ಮನಿರುವುದಿಲ್ಲ, ದೆವ್ವವಾಗಿ ಎದ್ದು ಕಾಡುತ್ತದೆ. ಅದರಿಂದ ಬಿಡುಗಡೆ ಬೇಕಾದರೆ ಅದನ್ನು ಅಗೆಯಬೇಕು. ಅಗೆಯುವವನಿಗೆ ಮೊದಲು ಸಿಗುವುದು ಬರಿಯ ಮಣ್ಣು. ಆಳಕ್ಕೆ ಹೋದರೆ ಚಿನ್ನದ ಅದಿರು ಸಿಕ್ಕೀತು. ಅದಿರನ್ನು ಹಾಗೆಯೇ ಕೊರಳಿಗೆ ಹಾಕಿಕೊಳ್ಳಲಾಗದು. ಅದನ್ನು ಕರಗಿಸಿ ಕಸವನ್ನು ಬೇರ್ಪಡಿಸಿದ ಮೇಲೆಯೇ ತನಗೆ ಬೇಕಾದ ಮೂರ್ತಿಯನ್ನು ಮಾಡಿಕೊಳ್ಳಲು ಸಾಧ್ಯ. ಆ ಕಸಬನ್ನು ನಾವಿನ್ನೂ ಕಲಿಯಬೇಕಾಗಿದೆ ಎಂಬುದು ಕವಿತೆಯ ಧ್ವನಿ.

'ಶ್ರೀರಾಮನವಮಿಯ ದಿವಸ' ಕವಿತೆ ಇದೇ ವಿಚಾರವನ್ನು ಕಲೆಯ ಸೃಷ್ಟಿಗೆ ಅನ್ವಯಿಸುತ್ತದೆ. ಪಾನಕ, ಕೋಸಂಬರಿಗಳ ಹಬ್ಬದ ದಿನದಿಂದ ಹೊರಟ ಕವಿತೆ ರಾಮನೆಂಬ ಪರಿಪೂರ್ಣ ಪುರುಷನ ಕಲ್ಪನೆ ಮನುಷ್ಯನಲ್ಲಿ ಹೇಗೆ ಮೂಡಿತು ಎಂಬ ಚಿಂತನೆಗೆ ಏರುತ್ತದೆ. ವಾಲ್ಮೀಕಿಯ ಸುತ್ತ ಹುತ್ತ ಬೆಳೆದ ಕಥೆ ಎಲ್ಲರಿಗೂ ಗೊತ್ತು. ಅಡಿಗರಿಗೆ ಅದು ಕವಿಕರ್ಮದ ರೂಪಕ. ಮನಸ್ಸು ಆ ಬಗೆಯ ತಪಸ್ಸಿಗೆ ಒಳಗಾಗದೆ ಅಂತಹ ಮಹಾರೂಪ ಮತ್ತೊಮ್ಮೆ ಮೂಡುವುದೇ ಎಂಬ ಸಂಶಯವನ್ನು ಅವರು ಓದುಗರ ಮುಂದಿಡುತ್ತಾರೆ. ಹಬ್ಬದ ಆಚರಣೆ ಉಳಿದು, ಅದರ ಹಿಂದಿನ ತಪಸ್ಸು ಮರೆತುಹೋದ ಸಮಾಜದ ವಿಮರ್ಶೆಯೂ ಇದರಲ್ಲಿದೆ.

1966ರಲ್ಲಿ ಬಂದ ಅವರ ಗದ್ಯಕೃತಿಯ ಹೆಸರು 'ಮಣ್ಣಿನ ವಾಸನೆ'. ಸಾಹಿತ್ಯಕ್ಕೆ ತನ್ನ ನೆಲದ ವಾಸನೆ ಇರಬೇಕೆಂಬ ಆಗ್ರಹ ಅವರದು. ನೆಹರೂ ಯುಗದ ಬಗೆಗಿನ ಅವರ ಅಸಮಾಧಾನದ ಮೂಲವೂ ಇಲ್ಲಿಯೇ ಇದೆ. ದೇಶವನ್ನು ಹೊರಗಿನ ಮಾದರಿಗಳಿಂದ ಬೇಗ ಬೇಗ ಕಟ್ಟಿಬಿಡಬಹುದೆಂಬ ನಂಬಿಕೆಯನ್ನು ಅವರು ಸಂಶಯದಿಂದ ಕಂಡರು. 1958ರಲ್ಲಿ ನೆಹರೂ ಅಧಿಕಾರದಿಂದ ಬಿಡುವು ಪಡೆಯುವ ಮಾತನಾಡಿ, ಪಕ್ಷದ ಒತ್ತಾಯಕ್ಕೆ ಮಣಿದು ಮುಂದುವರಿದರು. ಅಡಿಗರ 'ನೆಹರೂ ನಿವೃತ್ತರಾಗುವುದಿಲ್ಲ' ಎಂಬ ಕವಿತೆಯ ಹೆಸರು ಆ ಪ್ರಸಂಗವನ್ನು ನೆನಪಿಗೆ ತರುತ್ತದೆ. ದೇಶದ ಬಹುಪಾಲು ಜನ ನೆಹರೂ ಅವರನ್ನು ಆರಾಧಿಸುತ್ತಿದ್ದ ಕಾಲದಲ್ಲಿ ಕನ್ನಡದ ಅಧ್ಯಾಪಕ ಕವಿಯೊಬ್ಬ ಹೀಗೆ ಬರೆದದ್ದು ಸಣ್ಣ ಮಾತಲ್ಲ.

'ಸಾಕ್ಷಿ'ಯ ಅರ್ಥ

1962ರಲ್ಲಿ ಅಡಿಗರು ಒಂದು ಸಾಹಿತ್ಯ ಪತ್ರಿಕೆಯನ್ನು ಆರಂಭಿಸಿದರು. ಅದರ ಹೆಸರು 'ಸಾಕ್ಷಿ'. ಹೊಸ ಬರಹ, ಹೊಸ ವಿಮರ್ಶೆಗಳಿಗೆ ಅದು ವೇದಿಕೆಯಾಯಿತು. ನವ್ಯ ಸಾಹಿತ್ಯ ಒಂದು ಚಳವಳಿಯಾಗಿ ಬೆಳೆದುದರಲ್ಲಿ ಈ ಪತ್ರಿಕೆಯ ಪಾತ್ರ ದೊಡ್ಡದು. ಸಾಗರದ ಲಾಲ್ ಬಹಾದ್ದೂರ್ ಕಾಲೇಜಿನಲ್ಲಿಯೂ ನಂತರ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿಯೂ ಪ್ರಾಂಶುಪಾಲರಾಗಿದ್ದ ವರ್ಷಗಳಲ್ಲಿ ಅವರ ಸುತ್ತ ಬರಹಗಾರರ ಒಂದು ಬಳಗವೇ ಇತ್ತು.

ಪತ್ರಿಕೆಯ ಹೆಸರನ್ನು ಅಡಿಗರ ಕಾವ್ಯವಿಚಾರದ ಸಾರವೆಂದು ತಿಳಿಯಬಹುದು. ನ್ಯಾಯಾಲಯದಲ್ಲಿ ಸಾಕ್ಷಿಗೂ ವಕೀಲನಿಗೂ ವ್ಯತ್ಯಾಸವಿದೆ. ವಕೀಲ ಒಂದು ಪಕ್ಷವನ್ನು ಹಿಡಿದು ಅದರ ಪರವಾಗಿ ವಾದಿಸುತ್ತಾನೆ. ಸಾಕ್ಷಿ ತಾನು ಕಂಡದ್ದನ್ನು, ಕಂಡಷ್ಟನ್ನು ಮಾತ್ರ ಹೇಳಬೇಕು. ಅದು ತನ್ನವರಿಗೆ ಅನುಕೂಲವೇ ಅಲ್ಲವೇ ಎಂದು ಅವನು ನೋಡುವಂತಿಲ್ಲ. ಕಾಣದೇ ಇದ್ದದ್ದನ್ನು ಹೇಳಿದರೆ ಅವನ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಉಪನಿಷತ್ತುಗಳ ಪರಂಪರೆಯಲ್ಲಿ ಸಾಕ್ಷಿ ಎಂದರೆ ಒಳಗಿದ್ದು ನೋಡುವ ಪ್ರಜ್ಞೆ. ಅಂದರೆ ಕವಿ ಹೊರಗನ್ನು ನೋಡುವಂತೆಯೇ ತನ್ನನ್ನೂ ನೋಡಿಕೊಳ್ಳಬೇಕು.

ಈ ಎರಡನೆಯ ಮಾತು ಮುಖ್ಯ. ಅಡಿಗರ ವ್ಯಂಗ್ಯ ಬಹಳ ಸಲ ತಮ್ಮ ಮೇಲೆಯೇ ತಿರುಗುತ್ತದೆ. 'ಕೂಪಮಂಡೂಕ'ದಲ್ಲಿ ಬಾವಿಯ ಕಪ್ಪೆಯಾಗಿ ಕಾಣುವವನು ಕವಿಯೇ. 'ಪ್ರಾರ್ಥನೆ'ಯಲ್ಲಿ ಅವರು ದೇವರೆದುರು ನಿಂತು ಹೊಗಳುಭಟರ ಸಾಲಿಗೆ ಸೇರದಂತೆ ಬೇಡುತ್ತಾರೆ. ಸೆಟೆದು ನಿಲ್ಲುವ ಛಲದ ಜೊತೆಗೆ ಬಾಗುವ ವಿನಯವೂ ಬೇಕೆಂದು ಕೇಳುತ್ತಾರೆ. ಸಮಾಜದ ಸುಳ್ಳನ್ನು ಬಯಲಿಗೆಳೆಯುವವನಿಗೆ ತನ್ನೊಳಗಿನ ಸುಳ್ಳನ್ನು ಮುಚ್ಚಿಡುವ ಹಕ್ಕಿಲ್ಲ ಎಂಬ ನಿಯಮಕ್ಕೆ ಅವರು ಕವಿತೆಯಲ್ಲಿ ಒಳಪಟ್ಟಿದ್ದರು. ಪ್ರಗತಿಶೀಲರ ಬಗೆಗೆ ನವ್ಯರ ದೂರು ಇದೇ ಆಗಿತ್ತು: ಅಲ್ಲಿ ಕೆಟ್ಟವರೆಲ್ಲ ಹೊರಗಿದ್ದಾರೆ, ಬರೆಯುವವನು ಮಾತ್ರ ಶುದ್ಧ.

ಸಮಾಜವೆಂದರೆ ವ್ಯಕ್ತಿಗಳ ಸಮೂಹ. ವ್ಯಕ್ತಿ ತನ್ನತನವನ್ನು ಕಂಡುಕೊಳ್ಳದೆ ಮಂದೆಯಲ್ಲಿ ಒಬ್ಬನಾದರೆ ಅಂತಹ ಮಂದೆಯನ್ನು ಯಾವ ಧುರೀಣನೂ ಎತ್ತ ಬೇಕಾದರೂ ಹೊಡೆದುಕೊಂಡು ಹೋಗಬಹುದು. ಆದ್ದರಿಂದ ವ್ಯಕ್ತಿಯ ಅನನ್ಯತೆಯನ್ನು ಉಳಿಸುವ ಕಾವ್ಯವೇ ಸಮಾಜವನ್ನು ಉಳಿಸುವ ಕಾವ್ಯ. ಅಡಿಗರ ವಾದಸರಣಿ ಸ್ಥೂಲವಾಗಿ ಇದು.

ಕವಿ ಕಣಕ್ಕೆ ಇಳಿದಾಗ

1971ರಲ್ಲಿ ಅಡಿಗರು ಒಂದು ಅನಿರೀಕ್ಷಿತ ಹೆಜ್ಜೆ ಇಟ್ಟರು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಜನಸಂಘದ ಬೆಂಬಲದೊಡನೆ ಬೆಂಗಳೂರಿನಿಂದ ಸ್ಪರ್ಧಿಸಿದರು. ಇಂದಿರಾ ಗಾಂಧಿಯವರ ಅಲೆ ದೇಶವನ್ನೆಲ್ಲ ಆವರಿಸಿದ್ದ ಚುನಾವಣೆ ಅದು. ಅಡಿಗರು ಸೋತರು. ಅವರನ್ನು ಗುರುವೆಂದು ಭಾವಿಸಿದ್ದ ಕಿರಿಯ ಲೇಖಕರಲ್ಲಿ ಹಲವರು ಸಮಾಜವಾದಿ ಒಲವಿನವರು. ಅವರಿಗೆ ಈ ಹೆಜ್ಜೆ ಒಪ್ಪಿಗೆಯಾಗುವಂತಿರಲಿಲ್ಲ.

ಯಾವ ಪಕ್ಷಕ್ಕೂ ವಕೀಲನಾಗಬಾರದೆಂಬ ಕವಿ ಒಂದು ಪಕ್ಷದ ಬೆಂಬಲ ಪಡೆದು ಮತ ಕೇಳಿದ್ದು ವಿರೋಧಾಭಾಸವಲ್ಲವೇ ಎಂಬ ಪ್ರಶ್ನೆ ಸಹಜ. ಅಡಿಗರ ಪರವಾಗಿ ಒಂದು ಮಾತು ಹೇಳಬಹುದು. ನಾಗರಿಕನ ಕೆಲಸವನ್ನು ನಾಗರಿಕನಾಗಿಯೇ ಮಾಡಬೇಕು, ಕವಿತೆಯನ್ನು ಅದಕ್ಕೆ ಒತ್ತೆ ಇಡಬಾರದು ಎಂಬುದು ಅವರ ವಿಚಾರಕ್ಕೆ ಹೊಂದುವ ಮಾತೇ. ಆದರೂ ವ್ಯಕ್ತಿಯ ಅನನ್ಯತೆಯನ್ನು ಎತ್ತಿಹಿಡಿದವರಿಗೆ ಪಕ್ಷದ ಚೌಕಟ್ಟು ಎಷ್ಟು ಹಿತವಾಗಿದ್ದೀತು ಎಂಬ ಅನುಮಾನ ಉಳಿದೇ ಉಳಿಯುತ್ತದೆ.

ಮುಂದೆ ಅವರು ದೆಹಲಿಯ ನ್ಯಾಷನಲ್ ಬುಕ್ ಟ್ರಸ್ಟ್‌ನಲ್ಲಿಯೂ ಸಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯಲ್ಲಿಯೂ ಇದ್ದರು. 1972ರ 'ವರ್ಧಮಾನ' ಸಂಕಲನಕ್ಕೆ 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪತ್ರಿಕೆಗಳ ಮೇಲೆ ಕತ್ತರಿ ಬಿತ್ತು, ವಿರೋಧ ಪಕ್ಷಗಳ ನಾಯಕರು ಸೆರೆಮನೆ ಸೇರಿದರು, ಅನೇಕ ಬುದ್ಧಿಜೀವಿಗಳು ಬಾಯಿ ಮುಚ್ಚಿಕೊಂಡರು. ಅಡಿಗರು ಆ ಕಾಲದಲ್ಲಿ ನಿರಂಕುಶತೆಯನ್ನು ವಿರೋಧಿಸಿ ಕವಿತೆಗಳನ್ನು ಬರೆದರು. ಎರಡು ದಶಕಗಳಿಂದ ಅವರು ಹೇಳುತ್ತ ಬಂದಿದ್ದ ಮಾತಿಗೆ, ಅಂದರೆ ಪರಾಕು ಹೇಳುವ ನಾಲಿಗೆ ಕೊನೆಗೆ ಗುಲಾಮನ ನಾಲಿಗೆಯಾಗುತ್ತದೆ ಎಂಬ ಎಚ್ಚರಿಕೆಗೆ, ಆಗ ಹೊಸ ಅರ್ಥ ಬಂತು.

ಯಾರ ಸಾಕ್ಷ್ಯ?

ಮತ್ತೆ 1979ಕ್ಕೆ ಬರಬಹುದು. ಬಂಡಾಯದ ಲೇಖಕರು ನವ್ಯದ ಮೇಲೆ ಹೊರಿಸಿದ ಆರೋಪಗಳು ಹಗುರವಾದವಲ್ಲ. ನವ್ಯದ 'ವ್ಯಕ್ತಿ' ಯಾರು? ಅವನು ಬಹುಮಟ್ಟಿಗೆ ಇಂಗ್ಲಿಷ್ ಓದಿದ, ಮೇಲುಜಾತಿಯ, ಮಧ್ಯಮ ವರ್ಗದ ಗಂಡಸು. ತನ್ನತನ ಕಳೆದುಹೋಗಿದೆ ಎಂಬ ಕೊರಗು ಅವನದು. ಆದರೆ ಕೆರೆಯ ನೀರನ್ನು ಮುಟ್ಟಲು ಬಿಡದ, ದೇವಸ್ಥಾನದ ಬಾಗಿಲು ತೆರೆಯದ ಊರಿನಲ್ಲಿ ಹುಟ್ಟಿದವನಿಗೆ ಮೊದಲು ಬೇಕಾದದ್ದು ಮನುಷ್ಯನೆಂಬ ಗುರುತು. ಅವನನ್ನು ಊರು ಎಂದೂ ವ್ಯಕ್ತಿಯಾಗಿ ಕಂಡಿರಲಿಲ್ಲ, ಜಾತಿಯಾಗಿ ಮಾತ್ರ ಕಂಡಿತ್ತು. ಅವನಿಗೆ ಪರಂಪರೆಯ ಬಾವಿಯನ್ನು ಅಗೆದರೆ ಚಿನ್ನ ಸಿಗುವ ಭರವಸೆಯೂ ಇರಲಿಲ್ಲ. ಆ ಬಾವಿಯಿಂದಲೇ ಅವನನ್ನು ದೂರ ಇಟ್ಟಿದ್ದರು.

ಈ ಪ್ರಶ್ನೆಗೆ ಅಡಿಗರ ಕಾವ್ಯವಿಚಾರದಲ್ಲಿ ಸಿದ್ಧ ಉತ್ತರವಿಲ್ಲ. ವ್ಯಕ್ತಿಯೊಬ್ಬ ತನ್ನ ಅನುಭವಕ್ಕೆ ಪ್ರಾಮಾಣಿಕನಾಗಿದ್ದರೆ ಸಾಕು ಎಂಬ ಮಾತು, ಆ ಅನುಭವ ಹುಟ್ಟಿದ ಮನೆಯ ಗೋಡೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಷ್ಟೇ ನಿಷ್ಠುರ ಸಾಕ್ಷಿಯಾದರೂ ತಾನು ನಿಂತಲ್ಲಿಂದ ಕಾಣುವಷ್ಟನ್ನೇ ಹೇಳಬಲ್ಲ. ಅವನ ಬೆನ್ನ ಹಿಂದಿನದನ್ನು ಹೇಳಲು ಬೇರೆಯ ಸಾಕ್ಷಿಗಳೇ ಬರಬೇಕು.

ಅಂತಹ ಸಾಕ್ಷಿಗಳು ಬಂದರು. 1973ರಲ್ಲಿ ದೇವನೂರ ಮಹಾದೇವರ 'ದ್ಯಾವನೂರು' ಕಥೆಗಳೂ 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಸಂಕಲನವೂ ಪ್ರಕಟವಾದವು. ಮಹಾದೇವರು ತಮ್ಮ ಸೀಮೆಯ ಆಡುಮಾತನ್ನು ಕಥೆಯ ಭಾಷೆಯಾಗಿ ಮಾಡಿದರು. ಸಿದ್ಧಲಿಂಗಯ್ಯನವರು ಅಡಿಗರು ಬಿಟ್ಟಿದ್ದ ಹಾಡಿನ ಧಾಟಿಯನ್ನೇ ಎತ್ತಿಕೊಂಡು, ಕೇರಿಯ ಸಿಟ್ಟನ್ನು ಮೆರವಣಿಗೆಯ ಕೊರಳಿಗೆ ಕೊಟ್ಟರು. ಹಾಡು ಎಂದರೆ ಮೈಮರೆಸುವುದು ಎಂಬ ನವ್ಯದ ಅಳುಕನ್ನು ಆ ಹಾಡುಗಳು ಸುಳ್ಳುಮಾಡಿದವು. ಜನರ ಬಾಯಿಗೆ ಬಂದ ಹಾಡು ಎಚ್ಚರಿಸಲೂ ಬಲ್ಲದು ಎಂದು ತೋರಿಸಿದವು.

ಇಷ್ಟಾದರೂ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಎರವಲು ಮಾತು ಬೇಡ, ನೀನು ಬದುಕಿದ ಬದುಕಿನ ಮಾತಿನಲ್ಲಿಯೇ ಬರೆ ಎಂಬ ಒತ್ತಾಯವನ್ನು ಕನ್ನಡದ ಮುಂದೆ ಅಷ್ಟು ಬಲವಾಗಿ ಇಟ್ಟವರು ಅಡಿಗರು. ಶಿಷ್ಟ ಕಾವ್ಯಭಾಷೆಯ ಗೋಡೆಯನ್ನು ಅವರು ಒಡೆದ ಮೇಲೆ ಆ ದಾರಿಯಲ್ಲಿ ಅವರು ಎಣಿಸದೇ ಇದ್ದವರೂ ಬಂದರು, ಅವರನ್ನೇ ಪ್ರಶ್ನಿಸಿದರು. ಬಂಡಾಯದ ಹೆಸರಿನಲ್ಲಿ ಬಂದ ಬರಹದಲ್ಲಿಯೂ ಘೋಷಣೆಯನ್ನಷ್ಟೇ ನಂಬಿದ್ದು ಬೇಗ ಮಾಸಿತು. ಬದುಕಿನ ಸಾಕ್ಷ್ಯವನ್ನು ನುಡಿದದ್ದು ಉಳಿಯಿತು. ಅಡಿಗರ ಮಾನದಂಡ ಅವರ ವಿರೋಧಿಗಳ ವಿಷಯದಲ್ಲಿಯೂ ಸೋಲಲಿಲ್ಲ.

ಅಡಿಗರು 1992ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. 2018ರಲ್ಲಿ ಅವರ ಜನ್ಮಶತಮಾನೋತ್ಸವ ವರ್ಷ ಬಂತು. ಅವರನ್ನು ತಮ್ಮವರೆನ್ನುವ ರಾಜಕೀಯ ಪಕ್ಷಪಾತಿಗಳೂ ಅದೇ ಕಾರಣಕ್ಕೆ ಅವರನ್ನು ದೂರ ಇಡುವವರೂ ಇಂದಿಗೂ ಇದ್ದಾರೆ. ಇಬ್ಬರಿಗೂ ಅವರ ಕವಿತೆ ಪೂರ್ತಿ ಅನುಕೂಲವಾಗಿ ಒದಗುವುದಿಲ್ಲ. ಪರಾಕು ಕೂಗುವವರನ್ನು ಅವರು ಯಾವ ಪಕ್ಷದವರೆಂದು ವಿಚಾರಿಸಿ ಗೇಲಿ ಮಾಡಿದವರಲ್ಲ. ದೊಡ್ಡ ಮಾತುಗಳು ಅಂದಿಗಿಂತ ಅಗ್ಗವಾಗಿ, ಅಂದಿಗಿಂತ ಬೇಗನೆ ಊರೂರಿಗೂ ಮುಟ್ಟುತ್ತಿರುವ ಈ ದಿನಗಳಲ್ಲಿ ಓದುಗ ಪ್ರತಿ ಮಾತಿಗೂ ಕೇಳಬಹುದಾದ ಪ್ರಶ್ನೆಯೊಂದನ್ನು ಅಡಿಗರು ಬಿಟ್ಟುಹೋಗಿದ್ದಾರೆ: ಇದನ್ನು ಹೇಳುತ್ತಿರುವವನು ತಾನು ಕಂಡದ್ದನ್ನು ಹೇಳುತ್ತಿದ್ದಾನೆಯೇ, ಬೇರೆಯವರು ಹೇಳಿಕೊಟ್ಟದ್ದನ್ನೇ? ಧರ್ಮಸ್ಥಳಕ್ಕೆ ಹೋಗದೆ ಬೆಂಗಳೂರಿನಲ್ಲಿ ಸೇರಿದ ಲೇಖಕರು ಅದಕ್ಕೆ ಇನ್ನೊಂದು ಪ್ರಶ್ನೆಯನ್ನು ಸೇರಿಸಿದರು: ಇನ್ನೂ ಯಾರನ್ನು ಸಾಕ್ಷಿಕಟ್ಟೆಗೆ ಕರೆಯದೇ ಬಿಟ್ಟಿದ್ದೇವೆ? ಕನ್ನಡ ಕಾವ್ಯಕ್ಕೆ ಈ ಎರಡು ಪ್ರಶ್ನೆಗಳೂ ಬೇಕು.